ಕೀಟದ ಚಿತ್ರ: ತೆಗೆದವರಿಂದ ನೋಡುವವರಿಗೆ

2011ರಲ್ಲಿ ಮಲೇಷ್ಯಾದ ಸೆಲಂಗೋರ್ ಪ್ರಾಂತ್ಯದ ಕಾಡೊಂದರಲ್ಲಿ ಗುಯೆಕ್ ಹಾಕ್ ಪಿಂಗ್ ಎಂಬ ಛಾಯಾಗ್ರಾಹಕರಿಗೆ ಹಸಿರು ಮೈಯ, ಜಾಲರಿ ರೆಕ್ಕೆಯ ಲೇಸ್‌ವಿಂಗ್ ಕೀಟವೊಂದು ಕಂಡಿತು. ಅವರು ಚಿತ್ರ ತೆಗೆದರು, ಕೀಟ ಹಾರಿಹೋಯಿತು. ಚಿತ್ರಗಳನ್ನು ಅವರು ಫ್ಲಿಕರ್ ತಾಣದಲ್ಲಿ ಹಾಕಿದರು. ಕ್ಯಾಲಿಫೋರ್ನಿಯಾದ ಕೀಟತಜ್ಞ ಶಾನ್ ವಿಂಟರ್‌ಟನ್ ಆ ಚಿತ್ರಗಳನ್ನು ಆಕಸ್ಮಿಕವಾಗಿ ನೋಡಿದರು. ರೆಕ್ಕೆಯ ಬುಡದಲ್ಲಿದ್ದ ಕಪ್ಪು ಗೆರೆಗಳ ವಿನ್ಯಾಸ ತಾವು ಬಲ್ಲ ಯಾವ ಪ್ರಭೇದಕ್ಕೂ ಹೊಂದುತ್ತಿಲ್ಲ ಎಂಬುದು ಅವರ ಗಮನಕ್ಕೆ ಬಂತು. ಗುಯೆಕ್ ಅದೇ ಜಾಗಕ್ಕೆ ಮತ್ತೆ ಹೋದರು. ಅಂಥದ್ದೇ ಇನ್ನೊಂದು ಕೀಟ ಸಿಕ್ಕಿತು. ಆ ಮಾದರಿ ಲಂಡನ್ನಿನ ನ್ಯಾಚುರಲ್ ಹಿಸ್ಟರಿ ಮ್ಯೂಸಿಯಂನ ಸ್ಟೀಫನ್ ಬ್ರೂಕ್ಸ್ ಅವರಿಗೆ ತಲುಪಿತು. 2012ರಲ್ಲಿ ಸೆಮಾಕ್ರೈಸಾ ಜೇಡ್ ಎಂಬ ಹೊಸ ಪ್ರಭೇದದ ವಿವರಣೆ ಜೂಕೀಸ್ ಎಂಬ ವಿಜ್ಞಾನ ಪತ್ರಿಕೆಯಲ್ಲಿ ಈ ಮೂವರ ಹೆಸರಿನಲ್ಲಿ ಪ್ರಕಟವಾಯಿತು.

ಈ ಪ್ರಸಂಗದಲ್ಲಿ ಅದೃಷ್ಟದ ಪಾಲು ಇದ್ದೇ ಇದೆ. ಆದರೆ ಅದೃಷ್ಟ ಕೆಲಸ ಮಾಡುವುದಕ್ಕೆ ಎರಡು ಸಂಗತಿಗಳು ಮೊದಲೇ ಸಿದ್ಧವಾಗಿದ್ದವು. ಚಿತ್ರದಲ್ಲಿ ರೆಕ್ಕೆಯ ಗುರುತು ಸ್ಪಷ್ಟವಾಗಿತ್ತು, ಮತ್ತು ಚಿತ್ರ ತೆಗೆದವರಿಗೆ ಅದನ್ನು ಎಲ್ಲಿ ತೆಗೆದದ್ದು ಎಂಬುದು ಖಚಿತವಾಗಿ ಗೊತ್ತಿತ್ತು. ಕೀಟದ ಚಿತ್ರ ಹಂಚಿಕೊಳ್ಳುವ ಎಲ್ಲರೂ ನೆನಪಿನಲ್ಲಿಡಬೇಕಾದ ಮಾತು ಇದು: ನೋಡುವವರ ಕೈಯಲ್ಲಿ ಕೀಟ ಇರುವುದಿಲ್ಲ. ಅವರಿಗೆ ಸಿಗುವುದು ನೀವು ಕೊಟ್ಟ ಚಿತ್ರ ಮತ್ತು ನೀವು ಬರೆದ ನಾಲ್ಕು ಸಾಲು ಮಾತ್ರ. ಹಂಚಿಕೊಳ್ಳುವ ಕೆಲಸ ಕ್ಯಾಮೆರಾ ಕೈಗೆತ್ತಿಕೊಂಡಾಗಲೇ ಶುರುವಾಗುತ್ತದೆ ಎಂದು ನಾನು ಹೇಳುವುದು ಇದಕ್ಕೇ. ಮುಂದಿನ ಹೆಜ್ಜೆಗಳನ್ನೂ ಅದೇ ಕ್ರಮದಲ್ಲಿ ಬರೆದಿದ್ದೇನೆ.

1. ಹೊರಡುವ ಮೊದಲು

ಕ್ಯಾಮೆರಾದ ಗಡಿಯಾರ ಸರಿಯಿದೆಯೇ ನೋಡಿ. ದಿನಾಂಕ ತಪ್ಪಿದ ಚಿತ್ರ ಎಷ್ಟೇ ಚೆಂದವಿದ್ದರೂ ದಾಖಲೆಯಾಗಿ ದಾರಿ ತಪ್ಪಿಸುತ್ತದೆ. ಯಾವ ಪತಂಗ ಯಾವ ತಿಂಗಳಲ್ಲಿ ಹಾರುತ್ತದೆ ಎಂಬ ತಿಳಿವಳಿಕೆ ಕಟ್ಟಿಕೊಳ್ಳುವುದೇ ಇಂಥ ಸಾವಿರಾರು ದಿನಾಂಕಗಳಿಂದ. ಮೊಬೈಲ್‌ನಲ್ಲಿ ತೆಗೆಯುವವರು ಕ್ಯಾಮೆರಾಗೆ ಸ್ಥಳದ ಮಾಹಿತಿ ಬಳಸುವ ಅನುಮತಿ ಕೊಟ್ಟಿದ್ದರೆ ಅಕ್ಷಾಂಶ ರೇಖಾಂಶ ತಾನಾಗಿ ದಾಖಲಾಗುತ್ತದೆ. ಬೇರೆ ಕ್ಯಾಮೆರಾ ಇರುವವರು ಅದೇ ಜಾಗದಲ್ಲಿ ಮೊಬೈಲ್‌ನಿಂದಲೂ ಒಂದು ಚಿತ್ರ ತೆಗೆದುಕೊಂಡರೆ ಸಾಕು, ಮನೆಗೆ ಬಂದ ಮೇಲೆ ಎರಡನ್ನೂ ಹೊಂದಿಸಿಕೊಳ್ಳಬಹುದು.

2. ಮೊದಲ ಚಿತ್ರ ದೂರದಿಂದ

ಕೀಟ ಕಂಡ ಕೂಡಲೇ ಹತ್ತಿರ ನುಗ್ಗಬೇಡಿ. ನಿಂತಲ್ಲಿಂದಲೇ ಒಂದು ಚಿತ್ರ ತೆಗೆಯಿರಿ. ಅದು ಸುಂದರವಾಗಿರಬೇಕಿಲ್ಲ, ಕೀಟ ಇತ್ತು ಎಂಬುದಕ್ಕೆ ಪುರಾವೆಯಾಗಿದ್ದರೆ ಆಯಿತು. ಆಮೇಲೆ ಒಂದೊಂದೇ ಹೆಜ್ಜೆ ಮುಂದಿಡುತ್ತಾ, ಪ್ರತಿ ಹೆಜ್ಜೆಗೂ ಒಂದೆರಡು ಚಿತ್ರ ತೆಗೆಯುತ್ತಾ ಹೋಗಿ. ನಿಮ್ಮ ನೆರಳು ಕೀಟದ ಮೇಲೆ ಬೀಳದಂತೆ ನೋಡಿಕೊಳ್ಳಿ. ಬಹುತೇಕ ಕೀಟಗಳು ನಿಮ್ಮ ಇರವಿಗಿಂತ ಹೆಚ್ಚಾಗಿ ನಿಮ್ಮ ಚಲನೆಗೆ ಬೆದರುತ್ತವೆ. ಆದ್ದರಿಂದ ಕೈಯನ್ನು ಥಟ್ಟನೆ ಎತ್ತುವುದು, ಕೀಟ ಕೂತ ಗಿಡವನ್ನು ತಾಗಿಸುವುದು ಬೇಡ. ಬೆಳಗಿನ ತಂಪಿನ ಹೊತ್ತು ಇದಕ್ಕೆಲ್ಲ ಅನುಕೂಲ. ಬಹುತೇಕ ಕೀಟಗಳ ಮೈ ಬಿಸಿಯಾಗಲು ಬಿಸಿಲಿನಂಥ ಹೊರಗಿನ ಶಾಖವೇ ಬೇಕು; ಬಿಸಿಲು ಏರುವ ತನಕ ಅವು ನಿಧಾನವಾಗಿಯೇ ಇರುತ್ತವೆ.

ದೂರದ ಚಿತ್ರಕ್ಕೆ ಇನ್ನೊಂದು ಉಪಯೋಗವೂ ಇದೆ. ಕೀಟ ಯಾವ ಗಿಡದ ಮೇಲಿತ್ತು, ಎಲೆಯ ಮೇಲ್ಭಾಗದಲ್ಲೋ ಕೆಳಭಾಗದಲ್ಲೋ, ತೊಗಟೆಯ ಮೇಲೋ ಒದ್ದೆ ಮಣ್ಣಿನ ಮೇಲೋ ಎಂಬುದೆಲ್ಲ ಅದರಲ್ಲಿ ಕಾಣುತ್ತದೆ. ಹತ್ತಿರದ ಚಿತ್ರದಲ್ಲಿ ಹಿನ್ನೆಲೆ ಮಸುಕಾಗಿ ಇವೆಲ್ಲ ಅಳಿಸಿಹೋಗಿರುತ್ತವೆ.

3. ಯಾವ ಕೀಟಕ್ಕೆ ಯಾವ ಕೋನ

ಹವ್ಯಾಸಿಗಳ ಚಿತ್ರಗಳು ಹೆಸರಿಲ್ಲದೆ ಉಳಿದುಬಿಡುವುದಕ್ಕೆ ಮುಖ್ಯ ಕಾರಣ ಮಸುಕಲ್ಲ, ಕೋನ. ಮುಖಕ್ಕೆ ಮುಖ ಕೊಟ್ಟು ತೆಗೆದ, ಎರಡು ದೊಡ್ಡ ಕಣ್ಣುಗಳು ಹೊಳೆಯುವ ಚಿತ್ರ ಎಲ್ಲರಿಗೂ ಇಷ್ಟವಾಗುತ್ತದೆ. ಆದರೆ ಗುರುತಿಸುವವರಿಗೆ ಬೇಕಾದದ್ದು ಎಷ್ಟೋ ಸಲ ಮೈಯ ಪಕ್ಕದಲ್ಲೋ ಹೊಟ್ಟೆಯ ತುದಿಯಲ್ಲೋ ಇರುತ್ತದೆ. ಒಂದೇ ಕೋನದಿಂದ ಹತ್ತು ಚಿತ್ರ ತೆಗೆಯುವುದಕ್ಕಿಂತ ಮೇಲಿನಿಂದ, ಪಕ್ಕದಿಂದ, ಮುಂದಿನಿಂದ ಒಂದೊಂದು ತೆಗೆಯುವುದು ಎಷ್ಟೋ ಮೇಲು. ಗುಂಪಿನಿಂದ ಗುಂಪಿಗೆ ಅಗತ್ಯ ಬದಲಾಗುವುದರಿಂದ ಇದನ್ನು ಸ್ವಲ್ಪ ವಿವರವಾಗಿಯೇ ಹೇಳಬೇಕು.

ಚಿಟ್ಟೆಗಳಲ್ಲಿ ರೆಕ್ಕೆಯ ಮೇಲ್ಮೈ ಮತ್ತು ಕೆಳಮೈ ಬೇರೆ ಬೇರೆಯೇ ಆಗಿರುತ್ತವೆ. ನೀಲಿ ಚಿಟ್ಟೆಗಳ ಕುಟುಂಬದಲ್ಲಂತೂ ಮೇಲ್ಮೈಯ ನೀಲಿ ನೋಡಿ ಹೆಸರು ಹೇಳುವುದು ಕಷ್ಟ. ಮುಚ್ಚಿದ ರೆಕ್ಕೆಯ ಹೊರಗೆ ಕಾಣುವ ಚುಕ್ಕೆ ಮತ್ತು ಪಟ್ಟೆಗಳ ಜೋಡಣೆಯೇ ಅಲ್ಲಿ ಆಧಾರ. ರೆಕ್ಕೆ ಮುಚ್ಚಿ ಕೂತ ಚಿಟ್ಟೆಯನ್ನು ನೋಡಿ ನಿರಾಶರಾಗಬೇಡಿ. ಕ್ಯಾಮೆರಾದೊಳಗೆ ಚಿತ್ರ ಮೂಡುವ ಫಲಕವಾದ ಸೆನ್ಸರ್ ರೆಕ್ಕೆಗೆ ಸಮಾನಾಂತರವಾಗಿರುವಂತೆ ಪಕ್ಕದಲ್ಲಿ ಕೂತು ತೆಗೆಯಿರಿ. ಪತಂಗಗಳು ಸಾಮಾನ್ಯವಾಗಿ ರೆಕ್ಕೆ ಹರಡಿಯೋ ಬೆನ್ನಿನ ಮೇಲೆ ಮಡಿಸಿಯೋ ಕೂರುತ್ತವೆ. ನೇರ ಮೇಲಿನಿಂದ ತೆಗೆದ ಒಂದು ಚಿತ್ರ, ಕುಡಿಮೀಸೆ (ತಲೆಯ ಮೇಲಿನ ಸ್ಪರ್ಶಾಂಗ) ಕಾಣುವ ಇನ್ನೊಂದು ಚಿತ್ರ ಇದ್ದರೆ ಅರ್ಧ ಕೆಲಸ ಮುಗಿದಂತೆ.

ಏರೋಪ್ಲೇನ್ ಚಿಟ್ಟೆಗಳಿಗೆ ಎದೆಯ ಪಕ್ಕದ ಪಟ್ಟೆಗಳು, ರೆಕ್ಕೆಯ ನಾಳಗಳು, ಹೊಟ್ಟೆಯ ತುದಿಯ ಉಪಾಂಗಗಳು ಮುಖ್ಯ. ಗಂಡಿನ ಹೊಟ್ಟೆಯ ತುದಿಯಲ್ಲಿ ಹೆಣ್ಣನ್ನು ಹಿಡಿದುಕೊಳ್ಳುವ ಕೊಕ್ಕೆಗಳಿರುತ್ತವೆ. ಹಲವು ಪ್ರಭೇದಗಳನ್ನು ಬೇರ್ಪಡಿಸುವುದು ಅವುಗಳ ಆಕಾರವೇ. ಹೊಟ್ಟೆಯ ತುದಿ ಚೌಕಟ್ಟಿನಿಂದ ಹೊರಗೆ ಹೋದ ಚಿತ್ರಗಳನ್ನು ನೋಡಿದಾಗ ನನಗೆ ಸಂಕಟವಾಗುತ್ತದೆ.

ನೊಣ, ಜೇನುನೊಣ, ಕಣಜಗಳ ಲೋಕ ವೇಷಗಳ ಲೋಕ. ಹೂನೊಣಗಳು ಹಳದಿ ಕಪ್ಪು ಪಟ್ಟೆ ತೊಟ್ಟು ಕಣಜದಂತೆ ಕಾಣುತ್ತವೆ. ರೆಕ್ಕೆ ಎಣಿಸಿದರೆ ಗುಟ್ಟು ಬಯಲು: ನೊಣಗಳಿಗೆ ಒಂದೇ ಜೋಡಿ ರೆಕ್ಕೆ, ಹಿಂದಿನ ಜೋಡಿಯ ಜಾಗದಲ್ಲಿ ತುದಿ ದಪ್ಪಗಿರುವ ಪುಟ್ಟ ಕಡ್ಡಿಯಂಥ ಅಂಗವಿರುತ್ತದೆ. ಜೇನುನೊಣಕ್ಕೂ ಕಣಜಕ್ಕೂ ಎರಡು ಜೋಡಿ. ಹೂನೊಣದ ಕುಡಿಮೀಸೆ ಮೋಟು, ಕಣ್ಣು ತಲೆಯ ಬಹುಭಾಗ ತುಂಬಿರುತ್ತದೆ. ಆದ್ದರಿಂದ ಇವುಗಳ ಚಿತ್ರದಲ್ಲಿ ರೆಕ್ಕೆಯ ನಾಳಗಳು ಮತ್ತು ಕುಡಿಮೀಸೆ ಕಾಣಲೇಬೇಕು. ಜೇನುನೊಣವಾದರೆ ಪರಾಗ ಹೊರುವ ಹಿಂಗಾಲೂ ಇರಲಿ.

ಇರುವೆಯನ್ನು ಪಕ್ಕದಿಂದ ತೆಗೆಯಿರಿ. ಎದೆ ಮತ್ತು ಹೊಟ್ಟೆಯ ನಡುವಿನ ಸಣ್ಣ ಸೊಂಟದಲ್ಲಿ ಗಂಟು ಒಂದೋ ಎರಡೋ, ಬೆನ್ನಿನ ಮೇಲೆ ಮುಳ್ಳುಗಳಿವೆಯೋ ಎಂಬುದು ಪಕ್ಕದ ನೋಟದಲ್ಲಿ ಮಾತ್ರ ಗೊತ್ತಾಗುತ್ತದೆ. ಹಾಗೆ ಹತ್ತಿರದಿಂದ ನೋಡುವಾಗ ಕಾಲು ಎಣಿಸುವುದನ್ನೂ ಮರೆಯಬೇಡಿ. ಇರುವೆಯ ವೇಷದ ಜೇಡಗಳಿವೆ. ಅವು ಮುಂದಿನ ಕಾಲುಗಳನ್ನು ಕುಡಿಮೀಸೆಯಂತೆ ಎತ್ತಿ ಆಡಿಸುತ್ತಾ ಓಡಾಡುತ್ತವೆ. ಜೇಡ ಕೀಟವಲ್ಲವಾದರೂ ಕೀಟಪ್ರೇಮಿಗಳ ಬಳಗಗಳಲ್ಲಿ ಅದಕ್ಕೂ ಸ್ವಾಗತವಿರುತ್ತದೆ. ಅದರ ವಿಷಯದಲ್ಲಿ ಕಣ್ಣುಗಳ ಜೋಡಣೆ ಕಾಣುವ ಮುಖದ ಚಿತ್ರ, ಬಲೆಯ ಚಿತ್ರ, ಸಾಧ್ಯವಾದರೆ ಹೊಟ್ಟೆಯ ಕೆಳಭಾಗದ ಚಿತ್ರ ಬೇಕಾಗುತ್ತದೆ.

ಜೀರುಂಡೆಗೆ ನೇರ ಮೇಲಿನ ನೋಟ ಮತ್ತು ಕುಡಿಮೀಸೆಯ ಆಕಾರ ಸಾಕಾಗುವುದುಂಟು. ತಿಗಣೆಯ ಜಾತಿಯವಕ್ಕೆ ಬೆನ್ನ ಮೇಲಿನ ತ್ರಿಕೋನ ಮತ್ತು ಕೆಳಗೆ ಮಡಿಸಿಟ್ಟ ಸೂಜಿಬಾಯಿ ಕಾಣಬೇಕು. ಮಿಡತೆಗೆ ಪಕ್ಕದ ನೋಟ, ಕುಡಿಮೀಸೆಯ ಉದ್ದ, ಸಾಧ್ಯವಾದರೆ ಹಿಂಗಾಲಿನ ಒಳಬದಿಯ ಬಣ್ಣ.

ಕಂಬಳಿಹುಳುವಿನ ವಿಷಯದಲ್ಲಿ ಹುಳುವಿನಷ್ಟೇ ಗಿಡವೂ ಮುಖ್ಯ. ಹಲವು ಪ್ರಭೇದಗಳ ಹುಳುಗಳು ಒಂದೆರಡು ಬಗೆಯ ಗಿಡಗಳನ್ನು ಮಾತ್ರ ತಿನ್ನುತ್ತವೆ. ಗಿಡದ ಎಲೆ, ಹೂವು, ಕಾಯಿ ಏನಿದೆಯೋ ಅದರದ್ದೊಂದು ಚಿತ್ರ ತೆಗೆದುಕೊಂಡರೆ ಹುಳುವಿನ ಹೆಸರು ಗಿಡದ ದಾರಿಯಿಂದ ಸಿಗುವ ಸಾಧ್ಯತೆ ಇದೆ. ಹುಳು ಆ ಗಿಡವನ್ನು ತಿನ್ನುತ್ತಿತ್ತೋ, ಸುಮ್ಮನೆ ಅದರ ಮೇಲೆ ನಡೆಯುತ್ತಿತ್ತೋ ಎಂಬುದನ್ನೂ ಗಮನಿಸಿ ಬರೆದುಕೊಳ್ಳಿ.

ಗಾತ್ರದ ಅಂದಾಜು ಚಿತ್ರದಿಂದ ಸಿಗುವುದಿಲ್ಲ. ನಾಲ್ಕು ಮಿಲಿಮೀಟರ್ ಉದ್ದದ ನೊಣವೂ ಎರಡು ಸೆಂಟಿಮೀಟರ್ ಉದ್ದದ ನೊಣವೂ ಪರದೆಯ ಮೇಲೆ ಒಂದೇ. ಕೀಟ ಹೋದ ಮೇಲೆ ಅದು ಕೂತಿದ್ದ ಜಾಗದಲ್ಲಿ ಬೆರಳ ತುದಿಯನ್ನೋ ಅಳತೆಪಟ್ಟಿಯನ್ನೋ ಇಟ್ಟು ಒಂದು ಚಿತ್ರ ತೆಗೆದುಕೊಳ್ಳಿ.

4. ಬೆಳಕು ಮತ್ತು ಸ್ಪಷ್ಟತೆ

ದುಬಾರಿ ಸಲಕರಣೆ ಇಲ್ಲದೆ ಈ ಕೆಲಸ ಆಗುವುದಿಲ್ಲ ಎಂಬ ಮಾತನ್ನು ನಂಬಬೇಡಿ. ಮೊಬೈಲ್‌ನಿಂದ ತೆಗೆದ ಚಿತ್ರಗಳಿಂದ ದಿನವೂ ಸಾವಿರಾರು ಕೀಟಗಳು ಗುರುತಾಗುತ್ತಿವೆ. ಆದರೆ ಮೊಬೈಲನ್ನು ಕೀಟಕ್ಕೆ ಅಂಟಿಸಿದಂತೆ ಹಿಡಿದರೆ ಅದರ ನೆರಳೇ ಕೀಟದ ಮೇಲೆ ಬೀಳುತ್ತದೆ. ಒಂದಿಷ್ಟು ಹಿಂದೆ ಸರಿದು ತೆಗೆದು, ಆಮೇಲೆ ಅಂಚು ಕತ್ತರಿಸುವುದು ಒಳ್ಳೆಯದು.

ಬಹಳ ಹತ್ತಿರದ ಚಿತ್ರಕ್ಕೆಂದೇ ಮಾಡಿದ ಮ್ಯಾಕ್ರೋ ಲೆನ್ಸ್ ಇರುವವರಿಗೆ ಒಂದು ಲೆಕ್ಕ ಹೇಳುತ್ತೇನೆ. ದೊಡ್ಡ ಸೆನ್ಸರಿನ ಫುಲ್ ಫ್ರೇಮ್ ಕ್ಯಾಮೆರಾದಲ್ಲಿ ಕೀಟವನ್ನು ಅದರ ನಿಜ ಗಾತ್ರದಲ್ಲೇ ಸೆನ್ಸರ್ ಮೇಲೆ ಮೂಡಿಸಿದಾಗ, ಲೆನ್ಸಿನೊಳಗೆ ಬೆಳಕು ಬರುವ ಕಂಡಿಯಾದ ಅಪರ್ಚರನ್ನು ಎಫ್/11ರಷ್ಟು ಕಿರಿದು ಮಾಡಿದರೂ ಸ್ಪಷ್ಟವಾಗಿ ಕಾಣುವ ಪದರದ ಆಳ ಒಂದು ಮಿಲಿಮೀಟರಿಗಿಂತ ತುಸು ಹೆಚ್ಚು, ಅಷ್ಟೇ. ಅದನ್ನು ಇನ್ನೂ ಕಿರಿದು ಮಾಡುತ್ತಾ ಹೋದರೆ ಬೆಳಕು ಅಂಚಿನಲ್ಲಿ ಬಾಗಿ ಇಡೀ ಚಿತ್ರ ಮೆತ್ತಗಾಗುತ್ತದೆ. ಆದ್ದರಿಂದ ಆ ತೆಳು ಪದರವನ್ನು ಎಲ್ಲಿ ಇಡಬೇಕು ಎಂದು ನೀವೇ ನಿರ್ಧರಿಸಬೇಕು. ಕೀಟದ ಮೈ ಉದ್ದಕ್ಕೆ ಸಮಾನಾಂತರವಾಗಿ ಕ್ಯಾಮೆರಾ ಹಿಡಿದರೆ ತಲೆಯಿಂದ ಹೊಟ್ಟೆಯ ತುದಿಯವರೆಗೂ ಸ್ಪಷ್ಟವಾಗಿ ಬರುತ್ತದೆ. ಓರೆಯಾಗಿ ಹಿಡಿದರೆ ಕಣ್ಣು ಮಾತ್ರ.

ಫ್ಲ್ಯಾಶ್ ಬಳಸುವವರು ಅದರ ಮುಂದೆ ಬೆಳಕನ್ನು ಹರಡುವ ಬಿಳಿ ಪರದೆ ಇಡಬೇಕು. ಇಲ್ಲವಾದರೆ ಜೀರುಂಡೆಯಂಥ ಹೊಳೆಯುವ ಮೈಯ ಮೇಲೆ ಬಿಳಿ ಕಲೆಗಳು ಎದ್ದು ಬಣ್ಣವೂ ಚುಕ್ಕೆಯೂ ಮುಚ್ಚಿಹೋಗುತ್ತವೆ.

5. ಚಿತ್ರಕ್ಕಿಂತ ಮೊದಲು ಕೀಟ

ಕೀಟ ಅಲುಗಾಡದಿರಲಿ ಎಂದು ಅದನ್ನು ಫ್ರಿಜ್‌ನಲ್ಲಿಟ್ಟು ಮರಗಟ್ಟಿಸುವವರಿದ್ದಾರೆ. ಅಂಟು ಹಾಕುವವರೂ ಇದ್ದಾರೆ. ಇಂಥ ಚಿತ್ರಗಳನ್ನು ಅನುಭವಿಗಳು ಕಾಲಿನ ಭಂಗಿ ನೋಡಿಯೇ ಅನುಮಾನಿಸುತ್ತಾರೆ. ಅದು ಗೊತ್ತಾಗದೆ ಹೋದರೂ ಹಾಗೆ ಮಾಡಬಾರದು. ಒಂದು ಜೀವವನ್ನು ಹಿಂಸಿಸಿ ಪಡೆದ ಮೆಚ್ಚುಗೆಗೆ ಬೆಲೆ ಇಲ್ಲ. ಕಲ್ಲು ಅಥವಾ ಬಿದ್ದ ಮರದ ತುಂಡನ್ನು ಎತ್ತಿ ನೋಡಿದರೆ ಮೊದಲಿದ್ದಂತೆಯೇ ಇಡಿ. ಅದರ ಕೆಳಗಿನ ತೇವವೇ ಅಲ್ಲಿರುವ ಜೀವಿಗಳ ಮನೆ. ಪೊರೆ ಕಳಚುತ್ತಿರುವ ಅಥವಾ ಕೋಶದಿಂದ ಆಗಷ್ಟೇ ಹೊರಬಂದ ಕೀಟವನ್ನು ಮುಟ್ಟಲೇಬೇಡಿ. ರೆಕ್ಕೆ ಬಲಿಯುವ ಮುನ್ನ ಅದು ಬಿದ್ದರೆ ಜೀವನಪೂರ್ತಿ ಹಾರಲಾರದು.

ರಾತ್ರಿ ಬಿಳಿ ಬಟ್ಟೆ ಕಟ್ಟಿ ದೀಪ ಹಾಕಿ ಪತಂಗಗಳನ್ನು ಸೆಳೆಯುವವರು ಬೆಳಗಾಗುವ ಮೊದಲೇ ದೀಪ ಆರಿಸಬೇಕು, ಬಟ್ಟೆಯ ಮೇಲೆ ಉಳಿದವನ್ನು ಮೆಲ್ಲಗೆ ಗಿಡಗಳ ಮರೆಗೆ ಸೇರಿಸಬೇಕು. ಇಲ್ಲವಾದರೆ ಬೆಳಗಿನ ಹಕ್ಕಿಗಳು ಬಟ್ಟೆಯನ್ನೇ ಊಟದ ತಾಣ ಮಾಡಿಕೊಳ್ಳುತ್ತವೆ. ಕಣಜದ ಗೂಡು, ಜೇನುಗೂಡಿನ ಹತ್ತಿರ ಹೋಗುವ ಸಾಹಸ ಬೇಡ ಎಂಬುದನ್ನು ನಿಮ್ಮ ಹಿತಕ್ಕಾಗಿಯೇ ಹೇಳುತ್ತಿದ್ದೇನೆ.

6. ಆಯ್ಕೆ, ತಿದ್ದುಪಡಿ, ಪ್ರಾಮಾಣಿಕತೆ

ಒಂದು ಕೀಟಕ್ಕೆ ಮೂರರಿಂದ ಐದು ಚಿತ್ರ ಸಾಕು, ಆದರೆ ಪ್ರತಿಯೊಂದೂ ಬೇರೆ ಏನನ್ನಾದರೂ ತೋರಿಸಬೇಕು. ಮೊದಲ ಚಿತ್ರವಾಗಿ ಕೀಟ ಪೂರ್ತಿ ಕಾಣುವುದನ್ನು ಇಡಿ. ನೋಡುವವರು ನಿಲ್ಲುವುದೋ ಮುಂದೆ ಸಾಗುವುದೋ ಅದರಿಂದಲೇ ತೀರ್ಮಾನವಾಗುತ್ತದೆ.

ಬೆಳಕನ್ನು ಏರಿಸುವುದು, ಅಂಚು ಕತ್ತರಿಸುವುದು, ಬಿಳಿ ಬಣ್ಣದ ಸಮತೋಲ ಸರಿಪಡಿಸುವುದು ಇವೆಲ್ಲ ಸರಿ. ಹಸಿರನ್ನು ಕಣ್ಣು ಕುಕ್ಕುವಷ್ಟು ಹೆಚ್ಚಿಸಬೇಡಿ. ಬಣ್ಣದ ಛಾಯೆಯೇ ಗುರುತಾಗಿರುವ ಕೀಟಗಳಿವೆ. ಮುರಿದ ಕಾಲು, ಹರಿದ ರೆಕ್ಕೆಯನ್ನು ಅಳಿಸಿ ಹೊಸದಾಗಿ ಬರೆಯಬೇಡಿ. ಹರಿದ ರೆಕ್ಕೆ ಆ ಚಿಟ್ಟೆಯ ಬದುಕಿನ ಕಥೆ; ಹಕ್ಕಿಯ ಕೊಕ್ಕಿನ ಗುರುತೂ ಅದರಲ್ಲಿರಬಹುದು. ಎಲೆಯ ಕೆಳಗೆ ತಲೆಕೆಳಗಾಗಿ ನೇತಾಡುತ್ತಿದ್ದ ಕೀಟದ ಚಿತ್ರವನ್ನು ತಿರುಗಿಸಿ ನೇರ ಮಾಡುವ ಅಭ್ಯಾಸವೂ ಸಾಮಾನ್ಯ. ತಿರುಗಿಸಿದ್ದರೆ ಹಾಗೆಂದು ಬರೆಯಿರಿ, ಏಕೆಂದರೆ ಕೂರುವ ಭಂಗಿಯೂ ಗುರುತಿನ ಒಂದು ಭಾಗ.

ಕೃತಕ ಬುದ್ಧಿಮತ್ತೆಯ ತಂತ್ರಾಂಶಗಳ ಬಗ್ಗೆ ವಿಶೇಷ ಎಚ್ಚರ ಇರಲಿ. ಮಸುಕಾದ ಚಿತ್ರವನ್ನು ಹರಿತ ಮಾಡುವಾಗ ಕೆಲವು ತಂತ್ರಾಂಶಗಳು ಅಲ್ಲಿ ಇಲ್ಲದ ರೋಮ, ಇಲ್ಲದ ನಾಳ, ಇಲ್ಲದ ಕಣ್ಣಿನ ಕೋಶಗಳನ್ನು ತಾವೇ ಊಹಿಸಿ ಬಿಡಿಸುತ್ತವೆ. ಕಣ್ಣಿಗೆ ಅದು ಚೆಂದವಾಗಿ ಕಂಡರೂ ಗುರುತಿಸುವವರ ಪಾಲಿಗೆ ಸುಳ್ಳು ಸಾಕ್ಷಿ. ಗುರುತಿಗಾಗಿ ಕಳುಹಿಸುವ ಚಿತ್ರ ಮಸುಕಾಗಿದ್ದರೂ ಮೂಲದ್ದೇ ಇರಲಿ. ಹಲವು ಚಿತ್ರ ಜೋಡಿಸಿ ಫೋಕಸ್ ಸ್ಟ್ಯಾಕಿಂಗ್ ಮಾಡಿದ್ದರೆ, ಕೀಟ ಸತ್ತಿದ್ದರೆ, ಅಥವಾ ಹುಳುವನ್ನು ನೀವೇ ಸಾಕಿ ಬೆಳೆಸಿದ್ದರೆ ಅದನ್ನೂ ತಿಳಿಸಿ.

7. ಎಲ್ಲಿ ಹಂಚಿಕೊಳ್ಳಬೇಕು

ಇದು ನಿಮಗೆ ಏನು ಬೇಕು ಎಂಬುದರ ಮೇಲೆ ನಿಂತಿದೆ. ಬೆಳಕು, ಸಂಯೋಜನೆಗಳ ಬಗ್ಗೆ ಅಭಿಪ್ರಾಯ ಬೇಕಾದರೆ ಛಾಯಾಗ್ರಾಹಕರ ಬಳಗ ಸರಿ. ಹೆಸರು ಮತ್ತು ದಾಖಲೆ ಬೇಕಾದರೆ ಜೀವವೈವಿಧ್ಯದ ತಾಣ ಸರಿ. ಐನ್ಯಾಚುರಲಿಸ್ಟ್ ಇವುಗಳಲ್ಲಿ ಬಹಳ ವಿಸ್ತಾರವಾದದ್ದು. 2008ರಲ್ಲಿ ಬರ್ಕ್ಲಿಯ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ವಿದ್ಯಾರ್ಥಿಗಳ ಸ್ನಾತಕೋತ್ತರ ಯೋಜನೆಯಾಗಿ ಹುಟ್ಟಿದ ಇದರಲ್ಲಿ ಈಗ ಎಲ್ಲ ಖಂಡಗಳ ಜೀವಿಗಳ ದಾಖಲೆಗಳಿವೆ. ಬಗ್‌ಗೈಡ್‌ನಂಥ ತಾಣಗಳು ಒಂದು ಪ್ರದೇಶಕ್ಕೆ ಸೀಮಿತ. ಅದು ಅಮೆರಿಕ ಮತ್ತು ಕೆನಡಾದ ಕೀಟ, ಜೇಡಗಳಿಗಾಗಿ ಇರುವುದು. ಬೇರೆ ಕಡೆಯ ಕೀಟವನ್ನು ಅಲ್ಲಿ ಕೊಂಡೊಯ್ದು ಪ್ರಯೋಜನವಿಲ್ಲ. ಯಾವ ತಾಣವೇ ಆಗಲಿ, ಕೆಲವು ದಿನ ಸುಮ್ಮನೆ ಓದುತ್ತಾ ಅಲ್ಲಿನ ರೀತಿ ತಿಳಿದುಕೊಂಡು ಆಮೇಲೆ ಹಾಕಿ.

ಐನ್ಯಾಚುರಲಿಸ್ಟ್‌ನ ಒಂದು ನಿಯಮ ಹೊಸಬರಿಗೆ ಗೊಂದಲ ತರುತ್ತದೆ. ಒಂದು ದಾಖಲೆ ಎಂದರೆ ಒಂದು ಜೀವಿ, ಒಂದು ಹೊತ್ತು, ಒಂದು ಜಾಗ. ಅದೇ ಕೀಟದ ಹಲವು ಚಿತ್ರಗಳು ಒಂದೇ ದಾಖಲೆಯಲ್ಲಿ ಇರಬೇಕು. ಬೇರೆ ಬೇರೆ ಕೀಟಗಳ ಚಿತ್ರಗಳನ್ನು ಒಂದೇ ದಾಖಲೆಗೆ ತುಂಬಿದರೆ ಯಾರೂ ಹೆಸರು ಹೇಳಲಾರರು.

8. ಚಿತ್ರದ ಜೊತೆಗಿನ ಬರಹ

ಸಾಮಾಜಿಕ ಜಾಲತಾಣಗಳಲ್ಲಿ ಬಹುಪಾಲು ಚಿತ್ರದೊಳಗೆ ಅಡಗಿರುವ ದಿನಾಂಕ, ಸ್ಥಳದ ಮಾಹಿತಿಯನ್ನು ಅಳಿಸಿಹಾಕುತ್ತವೆ. ಆದ್ದರಿಂದ ಅದನ್ನು ಕೈಯಾರೆ ಬರೆಯಬೇಕು. ‘ಇದು ಯಾವ ಹುಳು?’ ಎಂದಷ್ಟೇ ಕೇಳಿದರೆ ಉತ್ತರಿಸುವವರು ಮೊದಲು ನಿಮ್ಮನ್ನೇ ನಾಲ್ಕು ಪ್ರಶ್ನೆ ಕೇಳಬೇಕಾಗುತ್ತದೆ. ಎಷ್ಟೋ ಜನ ಅಷ್ಟು ತೊಂದರೆ ತೆಗೆದುಕೊಳ್ಳದೆ ಮುಂದೆ ಹೋಗುತ್ತಾರೆ. ಬರಹ ಹೀಗಿದ್ದರೆ ಚೆನ್ನ:

‘ಕೊಳದ ಅಂಚಿನ ಹುಲ್ಲಿನ ಮೇಲೆ, ಬೆಳಿಗ್ಗೆ ಏಳೂವರೆಗೆ. ಉದ್ದ ಸುಮಾರು 3 ಸೆಂಟಿಮೀಟರ್. ರೆಕ್ಕೆಯನ್ನು ಮೈಗೆ ಒತ್ತಿ ಮುಚ್ಚಿಕೊಂಡಿತ್ತು, ಬೆದರಿಸಿದರೂ ಅದೇ ಹುಲ್ಲಿಗೆ ಮತ್ತೆ ಬಂದು ಕೂರುತ್ತಿತ್ತು. ಏರೋಪ್ಲೇನ್ ಚಿಟ್ಟೆಯ ಬಂಧುವಾದ ಡ್ಯಾಮ್ಸೆಲ್‌ಫ್ಲೈ ಎಂದು ನನ್ನ ಊಹೆ. ಎದೆಯ ಪಕ್ಕದ ನೀಲಿ ಪಟ್ಟೆ ಮೂರನೆಯ ಚಿತ್ರದಲ್ಲಿ ಸ್ಪಷ್ಟವಾಗಿದೆ.’

ಇದರ ಜೊತೆಗೆ ದಿನಾಂಕ ಮತ್ತು ಸ್ಥಳ. ಐದಾರು ಸಾಲಿನಲ್ಲಿ ಆವಾಸ, ಸಮಯ, ಗಾತ್ರ, ವರ್ತನೆ, ನಿಮ್ಮ ಊಹೆ ಮತ್ತು ಅದಕ್ಕೆ ಕಾರಣ ಎಲ್ಲವೂ ಬಂತು. ನಿಮ್ಮ ಊಹೆ ಬರೆಯುವುದಕ್ಕೆ ಹಿಂಜರಿಯಬೇಡಿ. ಅದು ತಪ್ಪಾಗಿದ್ದರೂ, ನೀವು ಏನನ್ನು ನೋಡಿ ಹಾಗೆಂದುಕೊಂಡಿರಿ ಎಂಬುದು ಗೊತ್ತಾದರೆ ಬಲ್ಲವರು ಅಲ್ಲಿಂದಲೇ ಕಲಿಸಲು ಶುರುಮಾಡುತ್ತಾರೆ. ‘ಜೀರುಂಡೆ’ ಎಂಬಷ್ಟು ಗೊತ್ತಿದ್ದರೂ ಬರೆಯಿರಿ. ಜೀರುಂಡೆಗಳನ್ನು ಹುಡುಕಿ ನೋಡುವ ತಜ್ಞರ ಕಣ್ಣಿಗೆ ಬೀಳುವುದಕ್ಕೆ ಅದೊಂದು ಪದ ಸಾಕು.

9. ಸ್ಥಳವನ್ನು ಯಾವಾಗ ಮರೆಮಾಡಬೇಕು

ದಾಖಲೆಗೆ ಸ್ಥಳ ಬೇಕು ಎಂದೆ. ಆದರೆ ಎಲ್ಲರಿಗೂ ಎಲ್ಲ ಸ್ಥಳ ಗೊತ್ತಾಗಬಾರದು. ಅಪರೂಪದ ಚಿಟ್ಟೆ, ಜೀರುಂಡೆಗಳನ್ನು ಸಂಗ್ರಹಕ್ಕಾಗಿ ಹಿಡಿದು ಮಾರುವ ವ್ಯಾಪಾರ ಜಗತ್ತಿನಲ್ಲಿದೆ. ಪಪುವಾ ನ್ಯೂಗಿನಿಯ ಕ್ವೀನ್ ಅಲೆಕ್ಸಾಂಡ್ರಾಸ್ ಬರ್ಡ್‌ವಿಂಗ್ ಎಂಬ ಜಗತ್ತಿನ ಅತಿ ದೊಡ್ಡ ಚಿಟ್ಟೆಯನ್ನು ವನ್ಯಜೀವಿ ವ್ಯಾಪಾರ ನಿಯಂತ್ರಿಸುವ ಸೈಟಿಸ್ ಒಪ್ಪಂದದ ಮೊದಲ ಅನುಬಂಧಕ್ಕೆ ಸೇರಿಸಬೇಕಾಗಿ ಬಂದದ್ದರ ಹಿಂದೆ ಈ ಆತಂಕವೂ ಇದೆ. ಸಂಗ್ರಾಹಕರು ಬಾರದಿದ್ದರೂ, ಮಿಂಚುಹುಳುಗಳು ಗುಂಪಾಗಿ ಮಿನುಗುವ ಜಾಗದ ಗುರುತು ಬಯಲಾದರೆ ಟಾರ್ಚು ಹಿಡಿದ ಜನಸಂದಣಿಯೇ ಅವುಗಳ ಮಿಲನಕ್ಕೆ ಅಡ್ಡಿ.

ನಿಮ್ಮ ಸುರಕ್ಷತೆಯೂ ಇದರಲ್ಲಿ ಸೇರಿದೆ. ಮನೆಯ ಹಿತ್ತಲಿನಲ್ಲಿ ತೆಗೆದ ಚಿತ್ರಗಳನ್ನು ಪೂರ್ತಿ ಅಕ್ಷಾಂಶ ರೇಖಾಂಶದೊಂದಿಗೆ ಹಾಕುತ್ತಾ ಹೋದರೆ ನಿಮ್ಮ ವಿಳಾಸವನ್ನು ಜಗತ್ತಿಗೆ ಸಾರಿದಂತೆ. ಐನ್ಯಾಚುರಲಿಸ್ಟ್‌ನಲ್ಲಿ ಸ್ಥಳವನ್ನು ಮಸುಕುಗೊಳಿಸುವ ಆಯ್ಕೆ ಇದೆ. ಅದನ್ನು ಆರಿಸಿದರೆ ನಿಜವಾದ ಬಿಂದುವಿನ ಬದಲು 0.2 ಡಿಗ್ರಿ ಬದಿಯ ಚೌಕದೊಳಗಿನ ಎಲ್ಲೋ ಒಂದು ಬಿಂದು ಇತರರಿಗೆ ಕಾಣುತ್ತದೆ. ಭೂಮಧ್ಯರೇಖೆಯ ಬಳಿ ಆ ಚೌಕದ ಒಂದೊಂದು ಬದಿ ಸುಮಾರು 22 ಕಿಲೋಮೀಟರ್. ಪೂರ್ತಿ ಮುಚ್ಚಿಡುವುದಕ್ಕಿಂತ ಇದು ಮೇಲು, ಪ್ರಭೇದ ಆ ಪ್ರದೇಶದಲ್ಲಿದೆ ಎಂಬ ಮಾಹಿತಿಯಾದರೂ ಉಳಿಯುತ್ತದೆ. ಬೇರೆ ತಾಣಗಳಲ್ಲಿ ಜಿಲ್ಲೆಯ ಹೆಸರಿನಷ್ಟು ದೊಡ್ಡ ವ್ಯಾಪ್ತಿಯನ್ನು ಬರೆದು, ಖಚಿತ ಸ್ಥಳವನ್ನು ಕೇಳಿದ ಸಂಶೋಧಕರಿಗೆ ಪ್ರತ್ಯೇಕವಾಗಿ ತಿಳಿಸಿ. ಚಿತ್ರದ ಕಡತದೊಳಗಿನ ಸ್ಥಳದ ಮಾಹಿತಿ ಅಳಿಸಿದೆಯೇ ಎಂಬುದನ್ನೂ ನೋಡಿಕೊಳ್ಳಿ.

10. ಹೆಸರು ಬಂದ ಮೇಲೆ

ಹೆಸರು ತಕ್ಷಣ ಬರದಿದ್ದರೆ ಬೇಸರ ಬೇಡ. ಇದುವರೆಗೆ ವಿಜ್ಞಾನ ಹೆಸರಿಟ್ಟ ಕೀಟ ಪ್ರಭೇದಗಳೇ ಸುಮಾರು 10 ಲಕ್ಷ. ಅವನ್ನು ಗುರುತಿಸಬಲ್ಲ ಜನ ಬಹಳ ಕಡಿಮೆ. ವರ್ಷಗಳ ನಂತರ ಯಾರೋ ಬಂದು ಹೆಸರು ಹೇಳಿಹೋಗುವುದು ಇಲ್ಲಿ ಸಹಜ. ಬಂದ ಉತ್ತರ ಪ್ರಭೇದದ ಮಟ್ಟಕ್ಕೆ ತಲುಪದೆ ಕುಲ ಅಥವಾ ಕುಟುಂಬದ ಬಳಿಯೇ ನಿಂತರೆ ಅದನ್ನೂ ಗೌರವದಿಂದ ಸ್ವೀಕರಿಸಿ. ಎಷ್ಟೋ ಸಣ್ಣ ನೊಣ, ಪತಂಗ, ಜೀರುಂಡೆಗಳ ಪ್ರಭೇದವನ್ನು ಜನನಾಂಗವನ್ನು ಸೂಕ್ಷ್ಮದರ್ಶಕದಲ್ಲಿ ನೋಡದೆ ಹೇಳಲು ಬರುವುದಿಲ್ಲ. ‘ಚಿತ್ರದಿಂದ ಇಷ್ಟೇ ಹೇಳಬಹುದು’ ಎನ್ನುವವರು ನಿಮಗೆ ಸತ್ಯವನ್ನೇ ಕೊಡುತ್ತಿದ್ದಾರೆ.

ತಾಣದ ಕಂಪ್ಯೂಟರ್ ಸೂಚಿಸುವ ಹೆಸರನ್ನು ಸುಳಿವೆಂದು ಮಾತ್ರ ತೆಗೆದುಕೊಳ್ಳಿ. ಸಾಕಷ್ಟು ಚಿತ್ರಗಳಿರುವ ಪ್ರಭೇದಗಳಷ್ಟೇ ಅದಕ್ಕೆ ಗೊತ್ತು. ಆದ್ದರಿಂದ ಅಪರೂಪದ ಕೀಟವನ್ನು ಅದರಂತೆಯೇ ಕಾಣುವ ಸಾಮಾನ್ಯ ಕೀಟವೆಂದು ಹೇಳುವ ಅಪಾಯ ಹೆಚ್ಚು. ಸೂಚಿಸಿದ ಪ್ರಭೇದ ನಿಮ್ಮ ಪ್ರದೇಶದಲ್ಲಿ ಹಿಂದೆ ದಾಖಲಾಗಿದೆಯೇ ಎಂದು ನಕ್ಷೆ ನೋಡಿದರೆ ಬಹಳಷ್ಟು ತಪ್ಪುಗಳು ಅಲ್ಲೇ ಸಿಕ್ಕಿಬೀಳುತ್ತವೆ.

ಇನ್ನೊಬ್ಬರು ಹೆಸರು ಸೂಚಿಸಿದ ಕೂಡಲೇ ಕೃತಜ್ಞತೆಗೆಂದು ‘ಒಪ್ಪಿಗೆ’ ಒತ್ತುವುದು ಹೊಸಬರ ರೂಢಿ. ದಯವಿಟ್ಟು ಅದನ್ನು ಬಿಡಿ. ಐನ್ಯಾಚುರಲಿಸ್ಟ್‌ನಲ್ಲಿ ದಿನಾಂಕ, ಸ್ಥಳ, ಚಿತ್ರ ಇರುವ ಕಾಡುಜೀವಿಯ ದಾಖಲೆಗೆ ಕನಿಷ್ಠ ಇಬ್ಬರು ಹೆಸರು ಸೂಚಿಸಿ, ಸೂಚಿಸಿದವರಲ್ಲಿ ಮೂರನೇ ಎರಡಕ್ಕಿಂತ ಹೆಚ್ಚು ಜನ ಪ್ರಭೇದದ ವಿಷಯದಲ್ಲಿ ಒಮ್ಮತಕ್ಕೆ ಬಂದರೆ ಅದು ಸಂಶೋಧನಾ ದರ್ಜೆಗೆ ಏರುತ್ತದೆ. ನಿಮ್ಮ ಕಣ್ಣುಮುಚ್ಚಿದ ಒಪ್ಪಿಗೆ ಆ ಎರಡನೆಯ ಮತವಾಗಿಬಿಡಬಹುದು. ಧನ್ಯವಾದವನ್ನು ಮಾತಿನಲ್ಲಿ ಹೇಳಿ, ಜೊತೆಗೆ ‘ಯಾವ ಗುರುತಿನಿಂದ ತಿಳಿಯಿತು?’ ಎಂದು ಕೇಳಿ. ಉತ್ತರ ಬಂದರೆ ಆ ಗುರುತನ್ನು ನಿಮ್ಮ ಚಿತ್ರದಲ್ಲೇ ಹುಡುಕಿ ನೋಡಿ. ಆಗ ಒಪ್ಪಿದರೆ ಆ ಒಪ್ಪಿಗೆಗೆ ತೂಕವಿದೆ.

ಯಾರಾದರೂ ನಿಮ್ಮನ್ನು ತಿದ್ದಿದಾಗ ಹಳೆಯ ದಾಖಲೆಯನ್ನು ಅಳಿಸಬೇಡಿ. ಹೆಸರು ಬದಲಿಸಿ, ಚರ್ಚೆಯನ್ನು ಹಾಗೆಯೇ ಬಿಡಿ. ಅದೇ ಗೊಂದಲದಲ್ಲಿರುವ ಇನ್ನೊಬ್ಬರಿಗೆ ಆ ಚರ್ಚೆಯೇ ಪಾಠ. ಬೇರೆ ತಾಣಗಳಲ್ಲಿ ಹಾಕಿದ ಅದೇ ಚಿತ್ರದ ಕೆಳಗೂ ಸರಿಯಾದ ಹೆಸರನ್ನು ಬರೆಯಿರಿ, ಇಲ್ಲವಾದರೆ ತಪ್ಪು ಹೆಸರು ಹುಡುಕಾಟದಲ್ಲಿ ವರ್ಷಾನುಗಟ್ಟಲೆ ತೇಲುತ್ತಿರುತ್ತದೆ.

11. ಹಕ್ಕು ಮತ್ತು ಪರವಾನಗಿ

ಚಿತ್ರ ನಿಮ್ಮದು. ಅದನ್ನು ಇತರರು ಹೇಗೆ ಬಳಸಬಹುದು ಎಂದು ನೀವು ಹೇಳಬಹುದು. ಕ್ರಿಯೇಟಿವ್ ಕಾಮನ್ಸ್ ಪರವಾನಗಿಗಳಲ್ಲಿ ಸಿಸಿ ಬಿವೈ ಎಂದರೆ ಹೆಸರು ಹೇಳಿ ಯಾರು ಬೇಕಾದರೂ ಬಳಸಬಹುದು. ಸಿಸಿ ಬಿವೈ ಎನ್‌ಸಿ ಎಂದರೆ ಹೆಸರು ಹೇಳಿ ವಾಣಿಜ್ಯೇತರ ಕೆಲಸಕ್ಕೆ ಮಾತ್ರ. 2001ರಲ್ಲಿ ಸ್ಥಾಪನೆಯಾಗಿ ಕೋಪನ್‌ಹೇಗನ್‌ನಲ್ಲಿ ಕಚೇರಿ ಹೊಂದಿರುವ ಜಿಬಿಐಎಫ್ ಎಂಬ ಜಾಗತಿಕ ಜೀವವೈವಿಧ್ಯ ಮಾಹಿತಿ ಭಂಡಾರಕ್ಕೆ ಐನ್ಯಾಚುರಲಿಸ್ಟ್‌ನಿಂದ ಸೇರುವ ದಾಖಲೆಗಳು ಈ ಎರಡು ಅಥವಾ ಎಲ್ಲ ಹಕ್ಕನ್ನೂ ಬಿಟ್ಟುಕೊಡುವ ಸಿಸಿ0 ಪರವಾನಗಿ ಇರುವಂಥವು. ಎಲ್ಲ ಹಕ್ಕನ್ನೂ ಕಾಯ್ದಿರಿಸಿದ ದಾಖಲೆ ಸಂಶೋಧಕರ ಆ ಭಂಡಾರಕ್ಕೆ ಹೋಗುವುದಿಲ್ಲ. ಒಮ್ಮೆ ಕ್ರಿಯೇಟಿವ್ ಕಾಮನ್ಸ್ ಪರವಾನಗಿಯಡಿ ಕೊಟ್ಟ ಪ್ರತಿಯನ್ನು, ಪಡೆದವರಿಂದ ವಾಪಸ್ ಕೇಳಲು ಬರುವುದಿಲ್ಲ ಎಂಬುದನ್ನು ತಿಳಿದು ಆರಿಸಿ. ನನ್ನ ಅಭಿಪ್ರಾಯದಲ್ಲಿ ದಾಖಲೆಯ ಚಿತ್ರಗಳಿಗೆ ಸಿಸಿ ಬಿವೈ ಎನ್‌ಸಿ ಹಿತಕರ ಮಧ್ಯಮಾರ್ಗ.

ಹೆಸರಿನ ಮುದ್ರೆ ಹಾಕಲೇಬೇಕೆಂದರೆ ಮೂಲೆಯಲ್ಲಿ ಚಿಕ್ಕದಾಗಿ ಹಾಕಿ. ಕೀಟದ ರೆಕ್ಕೆಯ ಮೇಲೆ ಹಾಕಿದರೆ ನಾಳವೂ ಚುಕ್ಕೆಯೂ ಅದರಡಿ ಹೋಗುತ್ತವೆ.

12. ಇನ್ನೊಬ್ಬರ ಚಿತ್ರಕ್ಕೆ ನೀವು

ಪಡೆಯುವುದಷ್ಟೇ ಆದರೆ ಬಳಗ ಉಳಿಯುವುದಿಲ್ಲ. ನಿಮಗೆ ಚೆನ್ನಾಗಿ ಗೊತ್ತಿರುವ ಒಂದೇ ಒಂದು ಗುಂಪನ್ನು, ಬೇಕಾದರೆ ನಿಮ್ಮ ಪ್ರದೇಶದ ನಾಲ್ಕೈದು ಸಾಮಾನ್ಯ ಚಿಟ್ಟೆಗಳನ್ನು, ಆರಿಸಿಕೊಂಡು ಇತರರ ಚಿತ್ರಗಳಿಗೆ ಹೆಸರು ಸೂಚಿಸಲು ಆರಂಭಿಸಿ. ‘ಅಪರಿಚಿತ’ ಎಂದು ಬಿದ್ದಿರುವ ದಾಖಲೆಗಳನ್ನು ನೊಣ, ಪತಂಗ, ಮಿಡತೆ ಎಂದು ವಿಂಗಡಿಸುವ ಕೆಲಸಕ್ಕೆ ಹೆಚ್ಚಿನ ಪರಿಣತಿ ಬೇಡ, ಆದರೆ ಅದರಿಂದ ತಜ್ಞರಿಗೆ ಆಗುವ ಸಹಾಯ ದೊಡ್ಡದು. ಹೊಸಬರ ಮಸುಕಾದ ಚಿತ್ರ ಕಂಡಾಗ ಅದರಲ್ಲಿ ಸರಿಯಾಗಿ ಬಂದಿರುವುದನ್ನು ಮೊದಲು ಹೇಳಿ, ಮುಂದಿನ ಸಲ ಯಾವ ಕೋನದಿಂದ ತೆಗೆದರೆ ಹೆಸರು ಸಿಗುತ್ತದೆ ಎಂಬ ಒಂದೇ ಸಲಹೆ ಕೊಡಿ. ಖಚಿತವಿಲ್ಲದ ಕಡೆ ಕುಲದ ಮಟ್ಟದಲ್ಲಿ ನಿಲ್ಲಿಸಿ, ಅನುಮಾನಕ್ಕೆ ಕಾರಣವನ್ನೂ ಬರೆಯಿರಿ. ಸಾಮಾನ್ಯ ಕೀಟಗಳನ್ನೂ ಮತ್ತೆ ಮತ್ತೆ ದಾಖಲಿಸುತ್ತಿರಿ. ನಿನ್ನೆ ಎಲ್ಲೆಡೆ ಕಾಣುತ್ತಿದ್ದ ಕೀಟ ಕಡಿಮೆಯಾಗುತ್ತಿದೆ ಎಂದು ಯಾರಾದರೂ ಹೇಳಬೇಕಾದರೆ, ಅದು ಸಾಮಾನ್ಯವಾಗಿದ್ದಾಗಿನ ದಾಖಲೆಗಳು ಅವರ ಮುಂದಿರಬೇಕು.